ಮರಿಯ ಕಣ್ಣು ಅಂಟಿಕೊಂಡಿದೆ, ಏನು ಮಾಡಲಿ?

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮ ಕಟ್ಟಡದ ಮೀಟರ್ ಕೋಣೆಯಲ್ಲಿ ಬೆಕ್ಕು ಮೂರು ಮರಿ ಹಾಕಿದೆ. ಈಗ ಮೂರು ವಾರ. ಒಂದು ಮರಿಯ ಎರಡೂ ಕಣ್ಣು ಹಳದಿ ಗೀಜಿನಿಂದ ಅಂಟಿಕೊಂಡಿವೆ, ಸೀನುತ್ತಲೂ ಇದೆ. ಮಾವನವರ ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಹನಿಮದ್ದು ಉಳಿದಿದೆ. ಹಾಕಬಹುದೇ?

ಪುಣೆಯ ಕೋಥ್ರೂಡ್‌ನಿಂದ:
ಬೇಡ ಅಕ್ಕಾ, ದಯವಿಟ್ಟು ಬೇಡ. ಅಂಥ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಕಣ್ಣಿನ ಮೇಲ್ಪದರದಲ್ಲಿ ಹುಣ್ಣಾಗಿದ್ದರೆ ಅದು ಮಾಯುವುದನ್ನು ಸ್ಟೀರಾಯ್ಡ್ ತಡೆಯುತ್ತದೆ, ಹುಣ್ಣು ಆಳಕ್ಕಿಳಿಯುತ್ತದೆ. ನಾನೇ ಈ ತಪ್ಪು ಮಾಡಿದ್ದೇನೆ. ಗೀಜು ಕಡಿಮೆಯಾಯಿತೆಂದು ಹಿಗ್ಗಿದ್ದೆ. ನಾಲ್ಕನೆಯ ದಿನ ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಆ ಬೆಕ್ಕಿಗೆ ಈಗ ಆರು ವರ್ಷ. ಎಡಗಡೆಯಿಂದ ಮುಟ್ಟಿದರೆ ಇವತ್ತಿಗೂ ಬೆಚ್ಚಿಬೀಳುತ್ತದೆ.

ಮುಲುಂಡ್‌ನಿಂದ:
ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಕಣ್ಣಿನ ಮೇಲೆ ಒಂದೆರಡು ನಿಮಿಷ ಇಡಿ. ಗಟ್ಟಿಯಾದ ಗೀಜು ನೆನೆದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ. ರೆಪ್ಪೆಯನ್ನು ಎಳೆದು ಬಿಡಿಸಬೇಡಿ. ಚಹಾ ನೀರು, ಬೋರಿಕ್ ಪುಡಿ, ಎದೆಹಾಲು ಎಂದು ಹಿರಿಯರು ಹೇಳಿಯೇ ಹೇಳುತ್ತಾರೆ, ಯಾವುದೂ ಬೇಡ.

ಸೀನೂ ಇದೆಯೆಂದರೆ ಬಹುಮಟ್ಟಿಗೆ ಹರ್ಪಿಸ್ ಅಥವಾ ಕ್ಯಾಲಿಸಿ ವೈರಾಣು, ಇಲ್ಲವೇ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ. ಮನುಷ್ಯರಿಗೆ ಬರುವ ಹರ್ಪಿಸ್ ಬೇರೆ, ಬೆಕ್ಕಿನದು ನಮಗೆ ತಗಲುವುದಿಲ್ಲ. ಆದರೆ ಉಳಿದೆರಡು ಮರಿಗಳಿಗೆ ನಿಮ್ಮ ಕೈಯಿಂದಲೇ ಹರಡಬಹುದು. ಅದಕ್ಕೇ ರೋಗದ ಮರಿಯನ್ನು ಕೊನೆಯಲ್ಲಿ ಮುಟ್ಟಿ, ಸೋಪಿನಲ್ಲಿ ಕೈ ತೊಳೆಯಿರಿ.

ನನಗೆ ಕಣ್ಣಿಗಿಂತ ಹೆಚ್ಚು ಭಯ ಮೂಗಿನದು. ಮೂಗು ಕಟ್ಟಿದ ಮರಿಗೆ ವಾಸನೆ ಸಿಗುವುದಿಲ್ಲ. ಹಾಲು ಕುಡಿಯುವುದನ್ನು ಬಿಡುತ್ತದೆ, ಸೊರಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ. ಚೆನ್ನಾಗಿರುವ ಮರಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಏರುತ್ತದೆ. ತೂಕ ನಿಂತರೆ ಅಂದೇ ವೈದ್ಯರ ಬಳಿ ಹೋಗಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಮುಂಬಯಿಯ ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. ನಾನು ಮರಿಯನ್ನು ಬುಟ್ಟಿಯಲ್ಲಿಟ್ಟು ಲೋಕಲ್ ರೈಲಿನಲ್ಲೇ ಹೋಗಿದ್ದೆ, ಜನದಟ್ಟಣೆ ಇಳಿದ ಮೇಲೆ.

ಗೋವೆಯ ವಾಸ್ಕೊದಿಂದ:
ಮುಂದೆ ಇದನ್ನು ಓದುವವರಿಗೂ ಒಂದು ಮಾತು. ಮರಿಗಳು 7ರಿಂದ 14 ದಿನಗಳ ಒಳಗೆ ಕಣ್ಣು ತೆರೆಯುತ್ತವೆ. ಅದಕ್ಕೆ ಮೊದಲೇ ಮುಚ್ಚಿದ ರೆಪ್ಪೆ ಉಬ್ಬಿದ್ದರೆ ಒಳಗೆ ಕೀವು ತುಂಬಿದೆ ಎಂದರ್ಥ. ನಾವು ‘ಇನ್ನೂ ತೆರೆದಿಲ್ಲ’ ಎಂದು ಕಾದು ಕುಳಿತಿದ್ದೆವು. ವೈದ್ಯರು ರೆಪ್ಪೆ ಬಿಡಿಸಿ ಕೀವು ತೆಗೆದಾಗ ಗುಡ್ಡೆ ಸ್ವಲ್ಪದರಲ್ಲಿ ಉಳಿದಿತ್ತು.

ಡೊಂಬಿವಲಿಯಿಂದ, ಮೂರು ದಿನಗಳ ನಂತರ:
ಎಲ್ಲರಿಗೂ ಕೃತಜ್ಞತೆಗಳು. ವೈದ್ಯರು ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟಾಗ ಬಲಗಣ್ಣಿನಲ್ಲಿ ಹಸಿರು ಚುಕ್ಕೆ ಹೊಳೆಯಿತು. ಅದೇ ಹುಣ್ಣಂತೆ. ಮಾವನವರ ಸೀಸೆಯನ್ನು ಎಸೆದಿದ್ದೇನೆ. ಪ್ರತಿಜೈವಿಕ ಮುಲಾಮು ಹಚ್ಚುತ್ತಿದ್ದೇನೆ. ಮರಿ ಇಂದು ಬೆಳಿಗ್ಗೆ ನಿನ್ನೆಗಿಂತ 12 ಗ್ರಾಂ ಹೆಚ್ಚು ತೂಗಿತು.