ಬೆಳ್ಳಿ ಚಮಚದಲ್ಲಿ ಲಂಗರು, ಕೊಡದ ಮೇಲೆ ಓದಲಾಗದ ಅಕ್ಷರ: ನಮ್ಮ ಮನೆತನದ ಮೂಲ ಯಾವ ಊರು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಅಜ್ಜನ ಕಾಲಕ್ಕೆ ಇಲ್ಲಿಗೆ ಬಂದದ್ದು ಅಂತಷ್ಟೇ ಗೊತ್ತು. ಅದಕ್ಕೂ ಹಿಂದೆ ಎಲ್ಲಿದ್ದೆವು ಅಂತ ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಹಳೆಯ ಕಾಗದಪತ್ರವೂ ಇಲ್ಲ. ಇರುವುದು ಅಟ್ಟದಿಂದ ಇಳಿಸಿದ ಮೂರು ವಸ್ತು.

ಒಂದು ಬೆಳ್ಳಿ ಚಮಚ. ಹಿಡಿಯ ಹಿಂದೆ ಸಾಲಾಗಿ ಲಂಗರು, ಒಂದು ಕಾಲೆತ್ತಿ ನಡೆಯುತ್ತಿರುವ ಸಿಂಹ, ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇನ್ನೆರಡು ಇಂಗ್ಲಿಷ್ ಅಕ್ಷರ ಇವೆ. ಲಂಗರು ಇರುವುದರಿಂದ ನಮ್ಮ ಹಿರಿಯರು ಕರಾವಳಿಯವರು, ಬಹುಶಃ ಹಡಗಿನ ವ್ಯಾಪಾರದವರು ಅಂತ ಚಿಕ್ಕಪ್ಪ ಹೇಳುತ್ತಾರೆ. ಆ ಎರಡು ಅಕ್ಷರ ಮುತ್ತಜ್ಜನ ಇನಿಷಿಯಲ್ ಇರಬೇಕು ಅಂತ ಅಪ್ಪ.

ಎರಡನೆಯದು ಸಿಂಗರ್ ಹೊಲಿಗೆ ಯಂತ್ರ. ಮುತ್ತಜ್ಜಿಯ ಮದುವೆಗೆ ತವರಿನವರು ಕೊಟ್ಟದ್ದಂತೆ. ನಂಬರ್ ವೈ ಅಕ್ಷರದಿಂದ ಶುರುವಾಗುತ್ತದೆ.

ಮೂರನೆಯದು ತಾಮ್ರದ ಕೊಡ. ಅದೂ ಮುತ್ತಜ್ಜಿಯದೇ. ಮುತ್ತಜ್ಜಿ ಅಂದರೆ ನನ್ನ ಅಪ್ಪನ ತಾಯಿಯ ತಾಯಿ. ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದಿದ್ದಾರೆ. ಮೊದಲ ಸಾಲು ಕನ್ನಡ, ‘ಆನಂದ’ ಅಂತ ಓದಬಹುದು. ಆದರೆ ನಮ್ಮ ಮನೆತನದಲ್ಲಿ ಆನಂದ ಅನ್ನುವ ಹೆಸರಿನವರು ಯಾರೂ ಇರಲಿಲ್ಲ. ಎರಡನೆಯ ಸಾಲು ಯಾವ ಲಿಪಿ ಅಂತಲೇ ತಿಳಿಯುತ್ತಿಲ್ಲ.

ಮೂರೂ ಮೂರು ದಿಕ್ಕು ತೋರಿಸುತ್ತಿವೆ. ಯಾವುದನ್ನು ನಂಬಬೇಕು? ಕೊಡಕ್ಕೆ ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದರೆ ಅಕ್ಷರ ಕಾಣಬಹುದಾ?

ಬೋಗಾರಪೇಟೆ:
ಮೇಡಂ, ದಯವಿಟ್ಟು ತಿಕ್ಕಬೇಡಿ. ಮೊದಲು ಇದೊಂದು ಕೇಳಿ. ವರ್ಷಗಟ್ಟಲೆ ಹುಣಸೆ, ಬೂದಿ ಹಾಕಿ ತಿಕ್ಕಿಯೇ ಅರ್ಧ ಅಕ್ಷರ ಸವೆದಿರುತ್ತವೆ. ಉಳಿದದ್ದನ್ನು ಉಳಿಸಿಕೊಳ್ಳಿ. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ. ಸ್ವಲ್ಪ ವಿಭೂತಿಯನ್ನು ನುಣ್ಣಗೆ ಪುಡಿ ಮಾಡಿ ಅಕ್ಷರದ ಮೇಲೆ ಹಗುರವಾಗಿ ಸವರಿ. ಮೇಲಿನದನ್ನು ಬೆರಳಲ್ಲಿ ಒರೆಸಿದರೆ ಚುಕ್ಕಿಗಳಲ್ಲಿ ಬಿಳಿ ನಿಲ್ಲುತ್ತದೆ. ಕೋಣೆಯ ದೀಪ ಆರಿಸಿ. ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕೊಡಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಟಾರ್ಚನ್ನು ಸುತ್ತ ಸರಿಸುತ್ತಾ ಬೇರೆ ಬೇರೆ ಕಡೆಯಿಂದ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೂ ಅಚ್ಚು ಮೂಡುತ್ತದೆ.

ನಿಮ್ಮ ಮೂರು ವಸ್ತುಗಳಲ್ಲಿ ಕೊಡವೇ ಮುಖ್ಯ. ಯಾಕೆ ಅಂತ ಫೋಟೋ ಬಂದಮೇಲೆ ಬರೆಯುತ್ತೇನೆ.

ಬೆಳ್ಳಿಗೆರೆ:
ಚಮಚದ ಬಗ್ಗೆ ನಾನು ಹೇಳಬಲ್ಲೆ. ಲಂಗರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಗುರುತು. ಅಲ್ಲಿ ಬೆಳ್ಳಿ ಪರೀಕ್ಷೆ ಮಾಡುವ ಕಚೇರಿ 1773ರಲ್ಲಿ ಶುರುವಾಯಿತು. ಅದೇ ವರ್ಷ ಶೆಫೀಲ್ಡ್‌ನಲ್ಲೂ ಶುರುವಾಯಿತು, ಅವರ ಹಳೆಯ ಗುರುತು ಕಿರೀಟ. ಲಂಡನ್ನಿನದು ಚಿರತೆ ಮುಖ. ಬರ್ಮಿಂಗ್‌ಹ್ಯಾಮ್ ಊರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ, ಅದು ಒಳನಾಡು. ಹಾಗಾಗಿ ಲಂಗರು ನೋಡಿ ಕರಾವಳಿ ಅಂತ ತೀರ್ಮಾನ ಮಾಡುವ ಹಾಗಿಲ್ಲ.

ನಡೆಯುವ ಸಿಂಹ ಇದ್ದರೆ ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರಕ್ಕೆ 925 ಪಾಲು. ಒಂಟಿ ಅಕ್ಷರ ವರ್ಷ ಹೇಳುತ್ತದೆ. ಅಕ್ಷರ ಮಾತ್ರ ನೋಡಿದರೆ ಸಾಲದು, ಅದರ ಬರಹದ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಆ ಕಚೇರಿಯ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ಹೋಲಿಸಬೇಕು. ಯಾಕೆಂದರೆ ಅದೇ ಅಕ್ಷರ ಕೆಲವು ದಶಕಗಳಿಗೊಮ್ಮೆ ಮತ್ತೆ ಬರುತ್ತದೆ. ಉಳಿದ ಎರಡು ಅಕ್ಷರ ಚಮಚ ಮಾಡಿದವರ ಹೆಸರಿನವು, ನಿಮ್ಮ ಮುತ್ತಜ್ಜನದಲ್ಲ. ಮನೆಯವರ ಇನಿಷಿಯಲ್ ಹಾಕಿಸುತ್ತಿದ್ದರೆ ಅದನ್ನು ಹಿಡಿಯ ಮೇಲ್ಭಾಗದಲ್ಲಿ, ಎಲ್ಲರಿಗೂ ಕಾಣುವಂತೆ ಕೆತ್ತಿಸುತ್ತಿದ್ದರು. ಪುಟ್ಟ ಚೌಕಟ್ಟಿನೊಳಗೆ ಅಚ್ಚೊತ್ತಿದ್ದು ತಯಾರಕರದು.

ಇನ್ನೊಂದು ನೋಡಿ ಹೇಳಿ. ರಾಜ ಅಥವಾ ರಾಣಿಯ ತಲೆಯ ಅಚ್ಚು ಇದೆಯಾ? ಅದು ತೆರಿಗೆ ಕಟ್ಟಿದ ಗುರುತು. 1784ರಿಂದ 1890ರವರೆಗೆ ಹಾಕುತ್ತಿದ್ದರು.

ತುಂಗಾತೀರ:
ತಲೆ ಇಲ್ಲ ಸರ್. ಇದೇ ಡಬ್ಬದಲ್ಲಿ ಇನ್ನೂ ಕೆಲವು ಚಮಚ ಇವೆ. ಅವುಗಳಲ್ಲಿ ಇ, ಪಿ, ಎನ್, ಎಸ್ ಅಂತ ಬಿಡಿ ಬಿಡಿ ಚೌಕಟ್ಟಿನಲ್ಲಿದೆ. ಅವೂ ಬರ್ಮಿಂಗ್‌ಹ್ಯಾಮ್‌ನವಾ?

ಬೆಳ್ಳಿಗೆರೆ:
ಅವು ಬೆಳ್ಳಿ ಅಲ್ಲ. ನಿಕಲ್ ಬೆರೆತ ಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿ ಲೇಪ ಹಾಕಿದವು. ಆ ವಿಧಾನಕ್ಕೆ 1840ರಲ್ಲಿ ಪೇಟೆಂಟ್ ಆಯಿತು. ಆಮೇಲೆ ಇಂಥವು ರಾಶಿ ರಾಶಿ ಬಂದವು. ಅಕ್ಷರಗಳನ್ನು ಹಾಲ್‌ಮಾರ್ಕ್ ಥರ ಸಾಲಾಗಿ ಒತ್ತುತ್ತಿದ್ದರಿಂದ ಜನ ಮೋಸ ಹೋಗುತ್ತಾರೆ. ಅವುಗಳಿಂದ ಊರು ಹುಡುಕಲು ಹೋಗಬೇಡಿ.

ನಿಮ್ಮ ಸ್ಟರ್ಲಿಂಗ್ ಚಮಚದಲ್ಲಿ ತಲೆ ಇಲ್ಲದ ಕಾರಣ ಅದು ಬಹುತೇಕ 1890ರ ನಂತರದ್ದು. ಆ ಕಾಲದಲ್ಲಿ ಇಂಗ್ಲೆಂಡಿನ ಬೆಳ್ಳಿ ಸಾಮಾನು ಮದ್ರಾಸು, ಬೊಂಬಾಯಿಯ ದೊಡ್ಡ ಅಂಗಡಿಗಳಲ್ಲಿ ಸಿಗುತ್ತಿತ್ತು. ಮದ್ರಾಸಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಥರದವರು ತಮ್ಮ ಹೆಸರನ್ನೂ ಒತ್ತುತ್ತಿದ್ದರು. ಅಂಥ ಅಂಗಡಿ ಹೆಸರು ಇದ್ದಿದ್ದರೆ ಕೊಂಡವರು ಯಾವ ಕಡೆ ಓಡಾಡಿದ್ದರು ಅಂತ ಸ್ವಲ್ಪ ಸುಳಿವು ಸಿಗುತ್ತಿತ್ತು. ನಿಮ್ಮದರಲ್ಲಿ ಅದೂ ಇಲ್ಲ. ಬ್ರಿಟಿಷರ ಕಾಲದ ಭಾರತದಲ್ಲಿ ಇಂಗ್ಲೆಂಡಿನ ಹಾಗೆ ಬೆಳ್ಳಿ ಪರೀಕ್ಷಿಸಿ ಊರಿನ ಮುದ್ರೆ ಹಾಕುವ ವ್ಯವಸ್ಥೆ ಇರಲಿಲ್ಲ. ಅದಕ್ಕೇ ನಮ್ಮ ಊರುಗಳ ಅಕ್ಕಸಾಲಿಗಳು ಮಾಡಿದ ಎಷ್ಟೋ ಒಳ್ಳೆಯ ಕೆಲಸದ ಮೇಲೆ ಒಂದು ಗುರುತೂ ಇಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಪೆಡಲು:
ಸಿಂಗರ್ ಬಗ್ಗೆ ಎರಡು ಮಾತು. ವೈ ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, ಸುಮಾರು 1921ರಿಂದ 1935ರ ಒಳಗಿನದು. ಅದಕ್ಕೂ ಮೊದಲು ಅಲ್ಲಿಯದಕ್ಕೆ ಎಫ್ ಇರುತ್ತಿತ್ತು. ಜಿ ಇದ್ದರೆ ಅಮೆರಿಕದ ನ್ಯೂಜೆರ್ಸಿಯದು. ಪೂರ್ತಿ ನಂಬರ್ ಕೊಟ್ಟರೆ ವರ್ಷವನ್ನೂ ಹೇಳಬಹುದು. ಯಂತ್ರವನ್ನು ಕಂತಿನಲ್ಲಿ ಮಾರುತ್ತಿದ್ದರು, ಹಳ್ಳಿಹಳ್ಳಿಗೂ ತಲುಪಿತ್ತು. ಹಾಗಾಗಿ ಅದು ಊರು ಹೇಳುವುದಿಲ್ಲ. ಆದರೆ ಮುತ್ತಜ್ಜಿಯ ಮದುವೆ 1921ಕ್ಕೂ ಮೊದಲೇ ಆಗಿದ್ದರೆ, ಯಂತ್ರ ಮದುವೆಯಲ್ಲಿ ಬಂದದ್ದು ಅನ್ನುವ ಮಾತು ನಿಲ್ಲುವುದಿಲ್ಲ. ಮದುವೆ ಯಾವಾಗ ಅಂತ ಗೊತ್ತಾ?

ತುಂಗಾತೀರ:
ಮದುವೆ ವರ್ಷ ಗೊತ್ತಿಲ್ಲ. ಅಜ್ಜಿ ಹುಟ್ಟಿದ್ದು 1936ರಲ್ಲಿ, ಅವರೇ ಕೊನೆಯ ಮಗು.

ಕೊಡದ ಫೋಟೋ ಹಾಕಿದ್ದೇನೆ. ವಿಭೂತಿ ಸವರಿದ ಮೇಲೆ ಎಷ್ಟೊಂದು ಕಾಣುತ್ತಿದೆ! ಮೊದಲ ಸಾಲು ‘ಆನಂದ ಸಂ|| ವೈಶಾಖ ಶು|| ೫’. ಕೊನೆಯಲ್ಲಿ ‘ಶೇ|| ೪’ ಅಂತ ಇದೆ. ನಡುವಿನ ಸಾಲು ಮಾತ್ರ ಓದಲಾಗುತ್ತಿಲ್ಲ. ಒಂದು ಉದ್ದ ಗೆರೆಯ ಕೆಳಗೆ ಸುರುಳಿ ಸುರುಳಿ ಅಕ್ಷರ.

ಬೋಗಾರಪೇಟೆ:
ಎಷ್ಟು ಚೆನ್ನಾಗಿ ಬಂದಿದೆ ಫೋಟೋ! ಆನಂದ ಇಲ್ಲಿ ವ್ಯಕ್ತಿಯ ಹೆಸರಲ್ಲ, ಸಂವತ್ಸರ. ಆನಂದ ಸಂವತ್ಸರ, ವೈಶಾಖ ಶುದ್ಧ ಪಂಚಮಿ. ಮದುವೆ ತಿಂಗಳು ಅಲ್ವಾ?

ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆನಂದ 1914ರಲ್ಲಿ ಬಂತು, 1974ರಲ್ಲೂ ಬಂತು. ಯಾವುದು? ಇಲ್ಲಿ ‘ಶೇ|| ೪’ ಸಹಾಯಕ್ಕೆ ಬರುತ್ತದೆ. ಅದು ತೂಕ, ನಾಲ್ಕು ಶೇರು. ಹಿಂದೆ ಪಾತ್ರೆಗೆ ತೂಕದ ಮೇಲೆ ದುಡ್ಡು, ಹಾಗಾಗಿ ತೂಕ ಕೊರೆಯುವುದು ರೂಢಿ. 1958ರಿಂದ ನಮ್ಮಲ್ಲಿ ಕಿಲೋ ಲೆಕ್ಕ ಬರಲು ಶುರುವಾಯಿತು. 1974ರಲ್ಲಿ ಅಂಗಡಿಯವರು ಶೇರಿನ ಲೆಕ್ಕ ಬರೆಯುವ ಸಾಧ್ಯತೆ ತೀರಾ ಕಡಿಮೆ. ಅಜ್ಜಿ 1936ರವರಾದರೆ ಅವರ ತಾಯಿಯ ಮದುವೆ 1974ರಲ್ಲಿ ಆಗುವುದಂತೂ ಸಾಧ್ಯವೇ ಇಲ್ಲ. ಆಗಿನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹತ್ತು ಹನ್ನೆರಡಕ್ಕೇ ಮದುವೆ ಆಗುತ್ತಿತ್ತು. 1914 ಸರಿಯಾಗಿ ಕೂರುತ್ತದೆ. ಶೇರಿನಿಂದ ಇನ್ನೇನೂ ಲೆಕ್ಕ ಹಾಕಬೇಡಿ, ಊರೂರಿಗೂ ಶೇರು ಬೇರೆ ಇತ್ತು.

ಹೊಲಿಗೆ ಯಂತ್ರ ಮದುವೆಯದಲ್ಲ ಅನ್ನುವುದೂ ಇದರಿಂದಲೇ ಖಚಿತ. ಆಮೇಲೆ ಕೊಂಡದ್ದು.

ನಡುವಿನ ಸಾಲು ಮೋಡಿ ಲಿಪಿ ಅನಿಸುತ್ತದೆ. ಬಲ್ಲವರು ನೋಡಲಿ.

ಮೋಡಿಗಾರ:
ಹೌದು, ಮೋಡಿಯೇ. ಮೊದಲು ಉದ್ದ ಗೆರೆ ಎಳೆದುಕೊಂಡು, ಕೈ ಎತ್ತದೆ ಮರಾಠಿ ಬರೆಯುತ್ತಿದ್ದ ಲಿಪಿ. ಮರಾಠರ ಆಡಳಿತ ಇದ್ದ ಕಡೆ ಕುಲಕರ್ಣಿಗಳ ದಫ್ತರೆಲ್ಲ ಇದರಲ್ಲೇ. 1950ರ ಸುಮಾರಿಗೆ ಬಳಕೆ ನಿಂತುಹೋಯಿತು. ಧಾರವಾಡ, ಬೆಳಗಾವಿ ಕಡೆಯ ಹಳೇ ಪಾತ್ರೆಗಳಲ್ಲಿ ಕನ್ನಡ, ಮೋಡಿ ಎರಡೂ ಒಟ್ಟಿಗೆ ಕಾಣುವುದು ಆಶ್ಚರ್ಯವಲ್ಲ.

ಮೊದಲ ಅಕ್ಷರ ‘ಮು||’. ಅದು ಮುಕ್ಕಾಂ ಅನ್ನುವುದರ ಸಂಕ್ಷೇಪ, ಯಾರ ಇನಿಷಿಯಲ್ಲೂ ಅಲ್ಲ. ಅದರ ಮುಂದೆ ಊರ ಹೆಸರು ಬರುತ್ತದೆ. ನಾನು ಓದುವುದು ‘ಶಿರಹಟ್ಟಿ’ ಅಂತ. ನಡುವಿನ ‘ಹ’ ಸ್ವಲ್ಪ ಸವೆದಿದೆ. ಎಡದಿಂದ ಬೆಳಕು ಬಿಟ್ಟು ಇನ್ನೊಂದು ಫೋಟೋ ಹಾಕುತ್ತೀರಾ?

ತುಂಗಾತೀರ:
ಹಾಕಿದೆ ಸರ್. ನೋಡಿ.

ಮೋಡಿಗಾರ:
ಈಗ ಸಂಶಯ ಇಲ್ಲ. ಮುಕ್ಕಾಂ ಶಿರಹಟ್ಟಿ. ಈಗಿನ ಗದಗ ಜಿಲ್ಲೆ. 1914ರಲ್ಲಿ ಆ ತಾಲೂಕು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಕನ್ನಡದ ಊರು, ಮರಾಠಿ ದಫ್ತರು. ಅದಕ್ಕೇ ಎರಡು ಲಿಪಿ. ಬೇರೆ ಯಾರಾದರೂ ಮೋಡಿ ಬಲ್ಲವರಿಗೂ ತೋರಿಸಿ ಖಚಿತ ಮಾಡಿಕೊಳ್ಳಿ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದ ಕಡೆ ವಿಚಾರಿಸಬಹುದು. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲೂ ಕೇಳಿ ನೋಡಿ.

ತುಂಗಾತೀರ:
ಕೈ ನಡುಗುತ್ತಿದೆ ಇದನ್ನು ಓದಿ. ಹಾಗಾದರೆ ನಮ್ಮ ಮನೆತನ ಶಿರಹಟ್ಟಿಯದು ಅಂತ ಬರೆದಿಟ್ಟುಕೊಳ್ಳಲಾ?

ಬೋಗಾರಪೇಟೆ:
ಸ್ವಲ್ಪ ತಾಳಿ. ಕೊಡ ಮುಖ್ಯ ಅಂದೆನಲ್ಲ, ಅದರ ಕಾರಣವೂ ಇಲ್ಲೇ ಇದೆ, ಎಚ್ಚರಿಕೆಯೂ ಇಲ್ಲೇ ಇದೆ.

ತಯಾರಕರ ಗುರುತು ವಸ್ತು ಎಲ್ಲಿ ಹುಟ್ಟಿತು ಅಂತ ಹೇಳುತ್ತದೆ. ಅದು ಬರ್ಮಿಂಗ್‌ಹ್ಯಾಮ್ ಆಗಬಹುದು, ಕ್ಲೈಡ್‌ಬ್ಯಾಂಕ್ ಆಗಬಹುದು, ಕುಂಭಕೋಣವೋ ಮುರಾದಾಬಾದೋ ಆಗಬಹುದು. ಅದು ಮನುಷ್ಯರ ಊರಲ್ಲ. ಆದರೆ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ಲ, ಅದು ಕೊಟ್ಟವರ ಗುರುತು. ನಮ್ಮ ಮನೆಯವರು ಪಾತ್ರೆ ಅಂಗಡಿ ಇಟ್ಟಿದ್ದರು. ಮದುವೆ ಕಾಲದಲ್ಲಿ ಅಂಗಡಿ ಬಾಗಿಲಲ್ಲೇ ಉಳಿ, ಸುತ್ತಿಗೆ ಹಿಡಿದು ಹೆಸರು ಹಾಕುವವರು ಕೂತಿರುತ್ತಿದ್ದರು. ಯಾರಿಂದ, ಯಾವ ಊರಿಂದ, ಎಂದು, ಎಷ್ಟು ತೂಕ: ಇಷ್ಟನ್ನೂ ಕೊರೆಯುತ್ತಿದ್ದರು. ಮುಯ್ಯಿ ತಿರುಗಿಸುವಾಗ ಲೆಕ್ಕ ಇರಬೇಕಲ್ಲ.

ಈಗ ಈ ಕೊಡ ನಡೆದ ದಾರಿ ನೋಡಿ. ಮುತ್ತಜ್ಜಿಯ ಮದುವೆಗೆ ಶಿರಹಟ್ಟಿಯವರು ಕೊಟ್ಟರು. ಅದು ಮುತ್ತಜ್ಜಿಯ ಗಂಡನ ಮನೆಗೆ ಹೋಯಿತು. ಅಲ್ಲಿಂದ ಅಜ್ಜಿಯ ಮದುವೆಯಲ್ಲಿ ನಿಮ್ಮ ಅಜ್ಜನ ಮನೆಗೆ ಬಂತು. ಎರಡು ಮದುವೆ, ಮೂರು ಮನೆತನ. ನಿಮ್ಮ ಅಪ್ಪ, ಚಿಕ್ಕಪ್ಪ ಹುಡುಕುತ್ತಿರುವುದು ಗಂಡಸರ ಕಡೆಯ ಮೂಲ. ಕೊಡ ಹೇಳುತ್ತಿರುವುದು ಹೆಣ್ಣುಮಕ್ಕಳ ಕಡೆಯ ಮೂಲ. ಇದನ್ನು ಕಡಿಮೆ ಅಂತ ತಿಳಿಯಬೇಡಿ. ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಅವರು ಎಲ್ಲಿಂದ ಬಂದರು ಅಂತ ಯಾರೂ ಬರೆದಿಡಲಿಲ್ಲ. ಪಾತ್ರೆಗಳು ಮಾತ್ರ ಬರೆದಿಟ್ಟುಕೊಂಡಿವೆ.

ಇನ್ನೂ ಒಂದು ವಿಷಯ ಖಚಿತವಾಗಬೇಕು. ಕೊಟ್ಟವರು ತಂದೆಯೋ, ಸೋದರಮಾವನೋ? ಮಾವನಾದರೆ ಶಿರಹಟ್ಟಿ ಇನ್ನೂ ಒಂದು ತಲೆಮಾರು ಹಿಂದಕ್ಕೆ, ಮುತ್ತಜ್ಜಿಯ ತಾಯಿಯ ಕಡೆಗೆ ಹೋಗುತ್ತದೆ. ಅಜ್ಜಿಯ ಅಕ್ಕಂದಿರ ಮಕ್ಕಳು ಯಾರಾದರೂ ಇದ್ದಾರಾ? ಸುಮ್ನೆ ‘ನಮ್ಮ ಮೂಲ ಯಾವ ಊರು’ ಅಂತ ಕೇಳಬೇಡಿ. ‘ಶಿರಹಟ್ಟಿಗೆ ಯಾರ ಮನೆಗೆ ಹೋಗುತ್ತಿದ್ದಿರಿ’ ಅಂತ ಕೇಳಿ. ಊರಿನ ಹೆಸರು ಕಿವಿಗೆ ಬಿದ್ದರೆ ಹಿರಿಯರಿಗೆ ಎಷ್ಟೋ ನೆನಪಾಗುತ್ತದೆ.

ಕುಡ್ಲದಹೆಂಚು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಹಳೇ ಮನೆಯ ಹೆಂಚಿನ ಹಿಂದೆ ಬಾಸೆಲ್ ಮಿಷನ್ ಹೆಸರು, 1865 ಅಂತ ಇಸವಿ ಇದೆ. ಮನೆ 1865ರಲ್ಲಿ ಕಟ್ಟಿದ್ದು ಅಂತ ಹೇಳಬಹುದಾ?

ಬೆಳ್ಳಿಗೆರೆ:
ಹೇಳಲಾಗದು. 1865 ಅವರ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದ ವರ್ಷ. ಆಮೇಲೆ ಎಷ್ಟೋ ಕಾಲ ಅದೇ ಇಸವಿ ಒತ್ತಿದ್ದಾರೆ. ಮೊದಲ ಮಹಾಯುದ್ಧದ ಹೊತ್ತಿಗೆ ಸರ್ಕಾರ ಅದನ್ನು ವಶಪಡಿಸಿಕೊಂಡಿತು, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಮಿಷನ್ ಹೆಸರಿದ್ದರೆ ಮನೆ ಆ ಯುದ್ಧಕ್ಕೂ ಮೊದಲಿನದು ಇರಬಹುದು ಅಂತ ಮಾತ್ರ ಊಹಿಸಬಹುದು. ಹೆಂಚನ್ನು ಒಂದು ಮನೆಯಿಂದ ತೆಗೆದು ಇನ್ನೊಂದಕ್ಕೆ ಹೊದಿಸುವುದೂ ಇದೆ.

ನ್ಯೂಜೆರ್ಸಿಕನ್ನಡತಿ:
ಅಮ್ಮ ಕೊಟ್ಟ ಚಿನ್ನದ ಅಡ್ಡಿಗೆಯಲ್ಲಿ ಯಾವ ಗುರುತೂ ಇಲ್ಲ. ಇಲ್ಲಿಯ ಅಂಗಡಿಯವರು ಹಾಲ್‌ಮಾರ್ಕ್ ಇಲ್ಲದ್ದಕ್ಕೆ ಅನುಮಾನದಿಂದ ನೋಡುತ್ತಾರೆ.

ಬೆಳ್ಳಿಗೆರೆ:
ಅನುಮಾನ ಬೇಡ. ಭಾರತದಲ್ಲಿ ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದೇ 2000ದಲ್ಲಿ. ಅದಕ್ಕೂ ಹಿಂದಿನದರಲ್ಲಿ ಆ ಗುರುತು ಇರಲು ಸಾಧ್ಯವಿಲ್ಲ. ಕೊಂಡಿಯ ಒಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿ, ಅಕ್ಕಸಾಲಿಗಳ ಚಿಕ್ಕ ಅಕ್ಷರ ಇದ್ದರೂ ಇರಬಹುದು. ಕರಗಿಸಿ ಹೊಸದು ಮಾಡಿಸುವ ಮೊದಲು ಎರಡೂ ಬದಿಯ ಫೋಟೋ, ತೂಕ ಬರೆದಿಟ್ಟುಕೊಳ್ಳಿ.

ತುಂಗಾತೀರ:
ಮತ್ತೆ ಬಂದೆ. ರಾಣೆಬೆನ್ನೂರಿನಲ್ಲಿ ಅಜ್ಜಿಯ ಅಕ್ಕನ ಮಗಳು ಇದ್ದಾರೆ, ನಮಗೆ ಅತ್ತೆಯಾಗಬೇಕು. ಫೋನ್ ಮಾಡಿ ಶಿರಹಟ್ಟಿ ಅಂದದ್ದೇ ತಡ, ‘ಅದು ನಮ್ಮ ಅಮ್ಮನ ಅಜ್ಜನ ಊರಲ್ಲವಾ, ಫಕೀರೇಶ್ವರ ಜಾತ್ರೆಗೆ ಕರ್ಕೊಂಡು ಹೋಗೋರು’ ಅಂದರು! ಅಮ್ಮನ ಅಜ್ಜ ಅಂದರೆ ತಾಯಿಯ ತಂದೆ ಅಂತ ಕೇಳಿ ಖಚಿತ ಮಾಡಿಕೊಂಡೆ. ಅಂದರೆ ಮುತ್ತಜ್ಜಿಯ ತವರೇ. ಹೊಲಿಗೆ ಯಂತ್ರದ ವಿಷಯವನ್ನೂ ಕೇಳಿದೆ. ಅದನ್ನು ಮುತ್ತಜ್ಜಿಯೇ ಹೊಲಿದು ಸಂಪಾದಿಸಿದ ದುಡ್ಡಿನಲ್ಲಿ ಕಂತು ಕಟ್ಟಿ ಕೊಂಡದ್ದಂತೆ. ಈ ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜನ ಕಡೆಯ ಮೂಲ ಹುಡುಕಲು ಈಗ ಎಲ್ಲಿಂದ ಶುರು ಮಾಡಲಿ?

ಬೋಗಾರಪೇಟೆ:
ಕೇಳಿ ತುಂಬಾ ಸಂತೋಷವಾಯಿತು. ಅತ್ತೆ ಹೇಳಿದ್ದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಅಜ್ಜನ ಕಡೆಗೆ ಅವರ ಮನೆಯಿಂದ ಹೊರಟ ಪಾತ್ರೆ ನೋಡಬೇಕು. ಅವು ನಿಮ್ಮ ಅಟ್ಟದಲ್ಲಿ ಇರುವುದಿಲ್ಲ. ಅಜ್ಜನ ಅಕ್ಕತಂಗಿಯರ ಮದುವೆಗೆ ಕೊಟ್ಟದ್ದು ಅವರವರ ಗಂಡನ ಮನೆಯಲ್ಲಿ ಇರುತ್ತದೆ. ಅವರ ಮೊಮ್ಮಕ್ಕಳನ್ನು ಹುಡುಕಿ, ತಂಬಿಗೆ, ಕೊಳಗ, ಹರಿವಾಣದ ಕಂಠ ಮತ್ತು ತಳದ ಫೋಟೋ ಕೇಳಿ. ಹಬ್ಬಕ್ಕೆ ಮುಂಚೆಯೇ ಕೇಳಿ, ಇಲ್ಲದಿದ್ದರೆ ತಿಕ್ಕಿಬಿಡುತ್ತಾರೆ. ಜೊತೆಗೆ ಮನೆದೇವರು ಯಾವುದು, ಅಜ್ಜನ ಮನೆಯವರು ಯಾವಾಗಲಾದರೂ ಹರಿದ್ವಾರಕ್ಕೆ ಹೋಗಿದ್ದರಾ ಅಂತಲೂ ವಿಚಾರಿಸಿ. ಅಲ್ಲಿಯ ಪಂಡಾಗಳ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ವಹಿಗಳಲ್ಲಿ ಬಂದವರ ಊರು, ತಂದೆ ತಾತನ ಹೆಸರು ಬರೆದಿರುತ್ತಾರೆ.

ಯಾವುದೇ ಪಾತ್ರೆಯ ಫೋಟೋ ಸಿಕ್ಕರೂ ಇಲ್ಲೇ ಹಾಕಿ, ಎಲ್ಲರೂ ಸೇರಿ ಓದೋಣ.