ಪಶುವೈದ್ಯರನ್ನು ಕೇಳಿ: ಆಕಳ ಹೊಟ್ಟೆಯೊಳಗಿನ ಪ್ಲಾಸ್ಟಿಕ್

ಅಡ್ಮಿನ್ (ದಾವಣಗೆರೆ ಹೈನುಗಾರರ ಗುಂಪು): ಇವತ್ತು ಸಂಜೆ ಡಾಕ್ಟರ್ ಗುಂಪಿನಲ್ಲಿ ಇರುತ್ತಾರೆ. ಬೀದಿ ಮೇಯುವ ದನ ಪ್ಲಾಸ್ಟಿಕ್ ತಿನ್ನುವ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ನಿಟುವಳ್ಳಿ ಅಕ್ಕ: ಡಾಕ್ಟ್ರೇ, ನಮ್ಮ ಆಕಳು ಏಳು ತಿಂಗಳ ಗಬ್ಬ. ಮೇವು ಅರ್ಧಕ್ಕೇ ಬಿಡುತ್ತಾಳೆ. ಆಗಾಗ ಹೊಟ್ಟೆ ಉಬ್ಬುತ್ತದೆ, ತಾನೇ ಇಳಿಯುತ್ತದೆ. ಸಗಣಿ ಕಮ್ಮಿ. ಬೆಳಿಗ್ಗೆ ಹಾಲು ಕರೆದ ಮೇಲೆ ಬೀದಿಗೆ ಬಿಡುವುದು ನಿಜ.

ಡಾಕ್ಟರ್: ಎಡಗಡೆ ಪಕ್ಕೆಲುಬಿನ ಹಿಂದೆ ಮುಷ್ಟಿಯಿಂದ ಒತ್ತಿ ನೋಡಿ ಅಕ್ಕ. ನಾದಿದ ಹಿಟ್ಟಿನ ಹಾಗೆ ಗುಳಿ ನಿಲ್ಲುತ್ತದಾ? ಮೆಲುಕು ಹಾಕುತ್ತಾಳಾ? ಮುಂಗಾಲ ನಡುವೆ, ಎದೆಯ ಕೆಳಗೆ ಊತ ಇದೆಯಾ?

ನಿಟುವಳ್ಳಿ ಅಕ್ಕ: ಗುಳಿ ನಿಲ್ಲುತ್ತದೆ. ಮೆಲುಕು ಇವತ್ತು ನೋಡಲೇ ಇಲ್ಲ. ಊತ ಇಲ್ಲ.

ಹರಿಹರ ಹುಡುಗ: *ಫಾರ್ವರ್ಡ್:* ಅರ್ಧ ಲೀಟರ್ ಹರಳೆಣ್ಣೆಗೆ ಬೆಲ್ಲ ಸೇರಿಸಿ ಮೂರು ದಿನ ಗೊಟ್ಟ ಹಾಕಿ (ಕೊಳವೆಯಿಂದ ಬಾಯಿಗೆ ಸುರಿಯಿರಿ). ಪ್ಲಾಸ್ಟಿಕ್ ಕರಗಿ ಸಗಣಿಯಲ್ಲಿ ಬರುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಎಣ್ಣೆಗೆ ಪ್ಲಾಸ್ಟಿಕ್ ಕರಗಲ್ಲ. ಬಲವಂತವಾಗಿ ಗೊಟ್ಟ ಹಾಕಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೊಟ್ಟೆಯ ಗಾಳಿ ನೊರೆಯಾಗಿ ಕಟ್ಟಿಕೊಳ್ಳುವ ನೊರೆ ಉಬ್ಬರಕ್ಕೆ ಎಣ್ಣೆ ನಾವೂ ಕೊಡುತ್ತೇವೆ, ಅದು ಬೇರೆ ಕಾಯಿಲೆ.

ಅಕ್ಕ, ನಿಮ್ಮದು ನನಗೆ ಚಿಂತೆಯ ಕೇಸು. ಮೆಲುಕು ಚೀಲದಲ್ಲಿ, ಅಂದರೆ ಹೊಟ್ಟೆಯ ಮೊದಲ ದೊಡ್ಡ ಭಾಗದಲ್ಲಿ, ಪ್ಲಾಸ್ಟಿಕ್ ಚೀಲಗಳು, ಹಗ್ಗ, ಕೂದಲು ಎಲ್ಲ ಹೆಣೆದುಕೊಂಡು ಉಂಡೆ ಆಗಿರಬಹುದು. ಒಳಗೆ ಹೋದದ್ದು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಹೊಟ್ಟೆ ತುಂಬಿದೆ ಅಂತ ಅವಳಿಗೆ ಅನಿಸುತ್ತದೆ, ಆದರೆ ಮೇವಿಗೆ ಜಾಗ ಇಲ್ಲ. ಇನ್ನು ಎರಡು ತಿಂಗಳು ಕರು ಜೋರಾಗಿ ಬೆಳೆಯುವ ಕಾಲ. ಈದ ಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಆಕಳೇ ಸೊರಗುತ್ತಾಳೆ. ಎಡ ಪಕ್ಕೆ ಮರಗಟ್ಟಿಸಿ, ನಿಂತಿರುವಾಗಲೇ ಕೊಯ್ದು ತೆಗೆಯಬಹುದು. ಗಬ್ಬದಲ್ಲಿ ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಕೈ ಹಾಕಿ ನೋಡಿದ ವೈದ್ಯರೇ ತೀರ್ಮಾನಿಸಬೇಕು. ಮೊಳೆ, ತಂತಿ ಇದೆಯಾ ಅಂತ ಪರೀಕ್ಷಿಸಲು ಹೇಳಿ, ಅದು ಹೃದಯದ ಕಡೆಗೆ ಚುಚ್ಚಿಕೊಂಡು ಹೋಗುತ್ತದೆ. ಪಶು ಸಹಾಯವಾಣಿ 1962ಕ್ಕೆ ಈಗಲೇ ಫೋನ್ ಮಾಡಿ.

ಜಗಳೂರು ರೈತ: ನಮ್ಮ ಆಡು ಶಾಂಪೂ ಸ್ಯಾಶೆ ನುಂಗಿದೆ ಸರ್, ಏನು ಮಾಡಲಿ?

ವಿದ್ಯಾನಗರ ಮೇಷ್ಟ್ರು: ಹಸುವಿನ ಹೊಟ್ಟೆ ಪ್ಲಾಸ್ಟಿಕ್ ಜೀರ್ಣಿಸುತ್ತದೆ ಅಂತ 2021ರಲ್ಲಿ ವಿಜ್ಞಾನಿಗಳೇ ಹೇಳಿದ್ದಾರಲ್ಲ?

ಡಾಕ್ಟರ್: ಅದು ಆಸ್ಟ್ರಿಯಾದ ಪ್ರಯೋಗ ಮೇಷ್ಟ್ರೇ. ಕಸಾಯಿಖಾನೆಯಿಂದ ಮೆಲುಕು ಚೀಲದ ದ್ರವ ತಂದು, ಲ್ಯಾಬಿನಲ್ಲಿ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಥರದ ಪಾಲಿಯೆಸ್ಟರ್‌ಗಳ ಮೇಲೆ ಹಾಕಿ ನೋಡಿದರು. ಕ್ಯಾರಿ ಬ್ಯಾಗ್ ಪಾಲಿಥಿನ್, ಅದರ ರಾಸಾಯನಿಕ ಕೊಂಡಿಗಳೇ ಬೇರೆ. ಒಳ್ಳೆಯ ಸಂಶೋಧನೆ, ತಲೆಬರಹ ಮಾತ್ರ ಓದಿದರೆ ಹೀಗಾಗುತ್ತದೆ. 2019ರಲ್ಲಿ ಚೆನ್ನೈಯಲ್ಲಿ ಒಂದೇ ಆಕಳ ಹೊಟ್ಟೆಯಿಂದ 52 ಕೆಜಿ ತೆಗೆದರು. ಜೀರ್ಣವಾಗುವುದಾದರೆ ಅದು ಅಲ್ಲಿ ಯಾಕೆ ಇತ್ತು?

ಮಂಡಿಪೇಟೆ ಅಂಗಡಿ: ಎಲ್ಲಾ ನಮ್ಮ ತಲೆಗೇ ಕಟ್ಟುತ್ತೀರಿ. ನಾನು 120 ಮೈಕ್ರಾನ್ ದಪ್ಪದ ಚೀಲ ಕೊಡುತ್ತೇನೆ. ಕಾನೂನು ಪ್ರಕಾರ ಸರಿ.

ಚನ್ನಗಿರಿ ಅಡಿಕೆ: ಅದು ಕೇಂದ್ರದ ನಿಯಮ, 2022ರ ಡಿಸೆಂಬರ್ 31ರಿಂದ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಎಷ್ಟೇ ದಪ್ಪ ಇದ್ದರೂ ಕ್ಯಾರಿ ಬ್ಯಾಗ್ ಇಲ್ಲ.

ಮಂಡಿಪೇಟೆ ಅಂಗಡಿ: ಹಾಗಾದರೆ ತಯಾರಿಸುವವನನ್ನು ಹಿಡಿಯಿರಿ. ಹಾಲಿನ ಪ್ಯಾಕೆಟ್ ಯಾಕೆ ಬಿಟ್ಟಿದ್ದಾರೆ?

ಚನ್ನಗಿರಿ ಅಡಿಕೆ: ಅಂಗಡಿ ಮುಂದೆ ಬಂದು ಲೆಕ್ಕ ಹಾಕೋಣ ಬನ್ನಿ.

ಮಂಡಿಪೇಟೆ ಅಂಗಡಿ: ನಿಮ್ಮ ತೋಟದ ಡ್ರಿಪ್ ಪೈಪು, ಮಲ್ಚಿಂಗ್ ಹಾಳೆ ಎಲ್ಲಿ ಹೋಗುತ್ತವೆ ಅಂತ ಮೊದಲು ಹೇಳಿ. ಬಟ್ಟೆ ಥರ ಕಾಣುವ ಬ್ಯಾಗೂ ಪ್ಲಾಸ್ಟಿಕ್ಕೇ, ಗೊತ್ತಾ?

ಅಡ್ಮಿನ್: ಇಬ್ಬರೂ ಸ್ವಲ್ಪ ಸುಮ್ನಿರಿ.

ಡಾಕ್ಟರ್: ಆಕಳಿಗೆ ಮೈಕ್ರಾನ್ ಗೊತ್ತಿಲ್ಲ. ಅನ್ನ ಸಾರಿನ ವಾಸನೆ ಗೊತ್ತು. ಉಳಿದ ಊಟವನ್ನು ಚೀಲದಲ್ಲಿ ಗಂಟು ಕಟ್ಟಿ ಎಸೆದರೆ ಗಂಟು ಬಿಚ್ಚಲು ಅವಳಿಗೆ ಕೈ ಇಲ್ಲ, ಚೀಲ ಸಮೇತ ನುಂಗುತ್ತಾಳೆ. ನನ್ನ ಕಣ್ಣಿಗೆ ಬಿದ್ದ ಉಂಡೆಗಳಲ್ಲಿ ಜಾಸ್ತಿ ಇಂಥ ಗಂಟೇ. ದಪ್ಪದ ನಿಯಮ ಗುಜರಿಯವರಿಗೆ ಉಪಯೋಗ, ದಪ್ಪ ಚೀಲ ಆಯುವುದು ಸುಲಭ. ದನ ಉಳಿಯಬೇಕಾದರೆ ಹಸಿ ಕಸ ಬೇರೆ ಆಗಬೇಕು. ಎರಡೂ ಬೇಕು, ಆದರೆ ಎರಡು ಬೇರೆ ಕೆಲಸ.

ಇದನ್ನು ಅಧಿಕಾರಿಗಳಿಗೆ ಬಾಯಿಮಾತಲ್ಲಿ ಹೇಳಿದರೆ ನಡೆಯಲ್ಲ, ಲೆಕ್ಕ ತೋರಿಸಬೇಕು. ಪುಟ್ಟಪರ್ತಿಯ ಪ್ರಾಣಿ ರಕ್ಷಣಾ ಸಂಸ್ಥೆ ಕರುಣಾ ಸೊಸೈಟಿ ಆಕಳ ಹೊಟ್ಟೆಯ ಪ್ಲಾಸ್ಟಿಕ್ ಪ್ರಶ್ನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ಆದರೆ ನಾವು ವೈದ್ಯರು ಆಪರೇಷನ್ ಮಾಡಿ ಉಂಡೆಯನ್ನು ತಿಪ್ಪೆಗೆ ಹಾಕುತ್ತೇವೆ. ಎಷ್ಟು ಕೆಜಿ, ಗಂಟು ಕಟ್ಟಿದ ಚೀಲ ಎಷ್ಟು, ಹಾಲಿನ ಪ್ಯಾಕೆಟ್ ಎಷ್ಟು, ಆಕಳು ಯಾವ ಬೀದಿಯದು ಅಂತ ಬರೆದಿಟ್ಟರೆ ಯಾವ ವಾರ್ಡಿಗೆ ಕಸದ ಗಾಡಿ ಬೇಗ ಹೋಗಬೇಕು ಅಂತ ತೋರಿಸಬಹುದು.

ಬಾತಿ ಹೈನು: ಸರ್, ಎಣ್ಣೆ ಬೆಲ್ಲ ಎಷ್ಟು ಸಲ ಕೊಡಬೇಕು?

ಡಾಕ್ಟರ್: ಕೊಡಬಾರದು. ಮೇಲೆ ಓದಿ.

ಹರಿಹರ ಹುಡುಗ: ಹರಳೆಣ್ಣೆ ಬೇಡ ಅಂದರೆ ಕೊಬ್ಬರಿ ಎಣ್ಣೆ ಆಗುತ್ತದಾ?

ಡಾಕ್ಟರ್: ನಿಮ್ಮ ತಲೆಗೆ ಹಚ್ಚಿಕೊಳ್ಳಿ.

ವಿದ್ಯಾನಗರ ಮೇಷ್ಟ್ರು: ಪ್ರಶ್ನೆ ಕೇಳಲು ಬಂದವರಿಗೆ ಹೀಗಾ ಮಾತಾಡುವುದು?

ನಿಟುವಳ್ಳಿ ಅಕ್ಕ: ಫೋನ್ ಮಾಡಿದೆ ಡಾಕ್ಟ್ರೇ, ಬೆಳಿಗ್ಗೆ ಬರುತ್ತಾರಂತೆ. ರಾತ್ರಿ ಹಿಂಡಿ ಇಡಲಾ?

ಡಾಕ್ಟರ್: ಬೇಡ. ನೀರು ಮಾತ್ರ ಇಡಿ, ಬೀದಿಗೆ ಬಿಡಬೇಡಿ. ಎಡ ಹೊಟ್ಟೆ ಬಿಗಿದು ಉಸಿರು ಕಟ್ಟಿದರೆ ಬೆಳಗಿನವರೆಗೆ ಕಾಯಬೇಡಿ, ಮತ್ತೆ ಫೋನ್ ಮಾಡಿ. ಆಪರೇಷನ್ ಆದರೆ ತೆಗೆದದ್ದನ್ನು ತೂಗಿ, ಹರಡಿ ಫೋಟೊ ತೆಗೆಸಿ.

ಮಂಡಿಪೇಟೆ ಅಂಗಡಿ: ಚೀಲದ ಮೇಲೆ ಅಂಗಡಿ ಹೆಸರಿದ್ದರೆ ಗುಂಪಿಗೆ ಹಾಕಬೇಡಿ.

ಡಾಕ್ಟರ್: ಗುಂಪಿಗೆ ಹಾಕಲ್ಲ. ವಾರ್ಡಿನ ಲೆಕ್ಕದಲ್ಲಿ ಬರೆಯುತ್ತೇನೆ.