ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಬಿಡದ ಕೆಲಸ

ಪ್ರಶ್ನೆ

ಸರ್ವರ್ ಬದಿಯ ಸಾಫ್ಟ್‌ವೇರ್ ಬರೆಯುವುದು ಮತ್ತು ಬರೆದದ್ದು ಕೆಡದಂತೆ ನೋಡಿಕೊಳ್ಳುವುದು ಹಲವು ವರ್ಷಗಳಿಂದ ನನ್ನ ವೃತ್ತಿ. ಕೆಲಸದ ಬಗ್ಗೆ ನನಗೆ ಬೇಸರವಿಲ್ಲ, ಗಂಟೆಗಳೂ ಲೆಕ್ಕಕ್ಕೆ ಮಿತಿಯಲ್ಲೇ ಇವೆ. ಆದರೆ ಥ್ರೆಡ್‌ಗಳು, ಅಂದರೆ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು, ಎರಡು ಒಂದೇ ಕ್ಷಣದಲ್ಲಿ ಒಂದೇ ದತ್ತಾಂಶವನ್ನು ಮುಟ್ಟಿದಾಗ ಮಾತ್ರ ತಲೆಯೆತ್ತಿ, ಹುಡುಕಲು ಹೊರಟರೆ ಮಾಯವಾಗುವಂಥ ದೋಷವೊಂದು ಬೆನ್ನು ಹತ್ತಿತೆಂದರೆ, ಮನೆಯವರು ಎದುರು ಕುಳಿತು ಮಾತನಾಡುತ್ತಿರುವಾಗಲೂ ನಾನು ಸರ್ವರ್ ದಾಖಲಿಸಿಟ್ಟ ಲಾಗ್‌ಗಳ ಸಾಲುಗಳಲ್ಲೇ ಇರುತ್ತೇನೆ. ಇದರ ಜೊತೆಗೆ, ವ್ಯವಸ್ಥೆ ಕೆಟ್ಟರೆ ಯಾವ ಹೊತ್ತಿನಲ್ಲೂ ಕರೆಗೆ ಓಗೊಡಬೇಕಾದ ಆನ್‌ಕಾಲ್ ಪಾಳಿ ಇದೆ. ಪಾಳಿ ನನ್ನದಲ್ಲದ ವಾರಗಳಲ್ಲೂ ಬಿಲ್ಲಿಂಗ್ ವ್ಯವಸ್ಥೆ ಕೈಕೊಟ್ಟರೆ ಕರೆ ಕೊನೆಗೆ ನನಗೇ ಬರುತ್ತದೆ, ಏಕೆಂದರೆ ಅದರ ಒಳಗುಟ್ಟು ಬಲ್ಲವನು ನಾನೊಬ್ಬನೇ. ಉಳಿದ ಸಂಜೆಗಳನ್ನು ಕಲಿಯಬೇಕಾದ ಹೊಸ ಫ್ರೇಮ್‌ವರ್ಕ್‌ಗಳೂ (ಸಾಫ್ಟ್‌ವೇರ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳು) ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ನುಂಗುತ್ತಿವೆ. ಇದು ನನ್ನ ಸ್ವಭಾವದ ತೊಂದರೆಯೋ, ಈ ವೃತ್ತಿಯೇ ಹೀಗೋ? ಇದನ್ನು ಹತೋಟಿಗೆ ತಂದುಕೊಂಡವರು ನಿಜವಾಗಿ ಏನನ್ನು ಬದಲಾಯಿಸಿದರು ಎಂದು ತಿಳಿಯುವ ಆಸೆ. ಧ್ಯಾನ ಮಾಡಿ, ಫೋನ್ ದೂರವಿಡಿ ಎಂಬ ಸಲಹೆಗಳನ್ನು ಸಾಕಷ್ಟು ಕೇಳಿದ್ದೇನೆ.

ಮೊದಲ ಉತ್ತರ

ನೀವು ಮೂರು ಬೇರೆ ತೊಂದರೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಮೊದಲನೆಯದರ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿಗೆ ಅಂಟಿಕೊಳ್ಳುತ್ತದೆ ಎಂಬ ವಾದ ಹಳೆಯದು. ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿಯೇ ಆ ಬಗೆಗಿನ ಪ್ರಯೋಗಗಳನ್ನು ಪ್ರಕಟಿಸಿದ್ದರು, ಆದರೆ ನಂತರದ ಪ್ರಯೋಗಗಳೆಲ್ಲವೂ ಅವನ್ನು ಸಮರ್ಥಿಸಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸೋಫಿ ಲೆರಾಯ್ ಅವರ ಸಂಶೋಧನೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಅವರು 2009ರಲ್ಲಿ ತೋರಿಸಿದರು. ಮತ್ತೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಿಡುವ ಮುನ್ನ ಚುಟುಕಾಗಿ ಬರೆದಿಟ್ಟರೆ ಆ ಪಾಲು ಕಡಿಮೆಯಾಗುತ್ತದೆ ಎಂದು 2018ರಲ್ಲಿ ಸಹಲೇಖಕಿಯೊಬ್ಬರೊಂದಿಗೆ ಬರೆದರು.

ಹಾಗಾಗಿ ದಿನದ ಕೊನೆಯಲ್ಲಿ ಯಾವ ಊಹೆ ಸುಳ್ಳಾಯಿತು, ಯಾವುದು ಇನ್ನೂ ಉಳಿದಿದೆ, ನಾಳೆ ಮೊದಲು ತೆರೆಯಬೇಕಾದ ಕಡತ ಯಾವುದು ಎಂಬುದನ್ನು ಬರೆದಿಡುತ್ತೇನೆ. ಸಾಧ್ಯವಾದರೆ ದೋಷವನ್ನು ಹಿಡಿದು ತೋರಿಸುವ, ಸದ್ಯಕ್ಕೆ ವಿಫಲವಾಗುವ ಒಂದು ಪರೀಕ್ಷೆಯನ್ನು ಬರೆದು ಅಲ್ಲಿಗೇ ನಿಲ್ಲಿಸುತ್ತೇನೆ. ನೆನಪಿಟ್ಟುಕೊಳ್ಳುವ ಹೊಣೆ ಆಗ ತಲೆಯಿಂದ ಕಡತಕ್ಕೆ ಹೋಗುತ್ತದೆ. ಸ್ನಾನ ಮಾಡುವಾಗ ಪರಿಹಾರವೇ ಹೊಳೆದುಬಿಟ್ಟರೆ ಅದನ್ನು ದೂರ ತಳ್ಳಬೇಕಾಗಿಯೂ ಇಲ್ಲ. ಈ ವೃತ್ತಿಯಲ್ಲಿ ನಮಗಿರುವ ಸುಖಗಳಲ್ಲಿ ಅದೂ ಒಂದು.

ಎರಡನೆಯ ಉತ್ತರ

ಮೇಲಿನ ಉತ್ತರ ಒಳ್ಳೆಯದೇ, ಆದರೆ ಪ್ರಶ್ನೆಯ ಹೆಚ್ಚಿನ ಭಾರ ಇರುವುದು ಆನ್‌ಕಾಲ್ ಪಾಳಿಯಲ್ಲಿ, ಮತ್ತು ಅದು ಸ್ವಭಾವದ ಸಮಸ್ಯೆ ಅಲ್ಲವೇ ಅಲ್ಲ, ವಿನ್ಯಾಸದ ಸಮಸ್ಯೆ.

ಮೊದಲು ಅಂಕಿಗಳನ್ನು ನೋಡಿ. ಸೇವೆಯು ಶೇ. 99.9ರಷ್ಟು ಹೊತ್ತು ಲಭ್ಯವಿರುತ್ತದೆ ಎಂದು ಭರವಸೆ ಕೊಟ್ಟರೆ 30 ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷ ಅದು ನಿಂತಿರಬಹುದು. ಇನ್ನೊಂದು 9 ಸೇರಿಸಿ ಶೇ. 99.99 ಎಂದರೆ ಆ ಅವಕಾಶ ನಾಲ್ಕೂಕಾಲು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ನಡುರಾತ್ರಿ ಗಾಢನಿದ್ರೆಯಿಂದ ಎದ್ದವನು ಕಣ್ಣುಜ್ಜಿಕೊಂಡು, ಲ್ಯಾಪ್‌ಟಾಪ್ ತೆರೆದು, ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಸಂಪರ್ಕ ಪಡೆಯುವಷ್ಟರಲ್ಲಿ ಅಷ್ಟು ಹೊತ್ತು ಕಳೆದಿರುತ್ತದೆ. ಅಂದರೆ ಎರಡನೆಯ ಭರವಸೆಯನ್ನು ಮನುಷ್ಯರನ್ನು ಎಬ್ಬಿಸಿ ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ. ತಾನಾಗಿ ಬದಲಿ ಸರ್ವರ್‌ಗೆ ಹೊರಳುವ, ಸಾಫ್ಟ್‌ವೇರ್‌ನ ತಪ್ಪಾದ ಬಿಡುಗಡೆಯನ್ನು ತಾನಾಗಿ ಹಿಂತೆಗೆದುಕೊಳ್ಳುವ ವ್ಯವಸ್ಥೆಗೆ ಹಣ ಮತ್ತು ಸಮಯ ಕೊಡಬೇಕು, ಇಲ್ಲವೇ ಆ ಅಂಕಿಯನ್ನು ಕೈಬಿಡಬೇಕು. ಎರಡನ್ನೂ ಮಾಡದೆ ನಿಮ್ಮ ನಿದ್ರೆಯಿಂದ ವ್ಯತ್ಯಾಸ ತುಂಬಿಸಿಕೊಳ್ಳುತ್ತಿರುವ ಸಂಸ್ಥೆಗಳೇ ಹೆಚ್ಚು. ಎಚ್ಚರಿಕೆಗಳ ವಿಷಯವೂ ಹಾಗೆಯೇ. ಡಿಸ್ಕ್ ಶೇ. 80 ತುಂಬಿತು ಎಂಬುದು ಬೆಳಗ್ಗೆ ನೋಡಬಹುದಾದ ಸಂಗತಿ, ಬಳಕೆದಾರರಿಗೆ ಪುಟ ತೆರೆಯುತ್ತಿಲ್ಲ ಎಂಬುದು ರಾತ್ರಿ ಎಬ್ಬಿಸಬೇಕಾದ ಸಂಗತಿ. ಎದ್ದವರಿಗೆ ಆ ಹೊತ್ತಿನಲ್ಲಿ ಮಾಡಲು ಏನೂ ಇಲ್ಲದ ಪ್ರತಿಯೊಂದು ಎಚ್ಚರಿಕೆಯನ್ನೂ ಅಳಿಸಿ ಹಾಕಿ.

ಇನ್ನು ‘ನಾನೊಬ್ಬನೇ ಬಲ್ಲೆ’ ಎಂಬ ಮಾತು. ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರ ಪ್ರಬಂಧವೊಂದರಲ್ಲಿ, ಒಂದು ಪ್ರೋಗ್ರಾಂನ ನಿಜವಾದ ಜೀವ ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿರುತ್ತದೆ, ಕೋಡ್ ಮತ್ತು ದಾಖಲೆಗಳಿಂದ ಮಾತ್ರ ಅದನ್ನು ಪೂರ್ತಿಯಾಗಿ ಮರಳಿ ಪಡೆಯಲಾಗದು ಎಂದು ವಾದಿಸಿದ್ದರು. ಅದು ನಿಜವಾದರೆ, ದೊಡ್ಡದೊಂದು ಕೈಪಿಡಿ ಬರೆದು ನೀವು ಪಾರಾಗಲಾರಿರಿ. ಮುಂದಿನ ಬದಲಾವಣೆಯನ್ನು ಇನ್ನೊಬ್ಬರ ಕೈಯಿಂದಲೇ ಮಾಡಿಸಿ, ನೀವು ಪಕ್ಕದಲ್ಲಿ ಕುಳಿತು ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ನೀವೇ ಹತ್ತು ನಿಮಿಷದಲ್ಲಿ ಮುಗಿಸಬಹುದಾದ ಕೆಲಸಕ್ಕೆ ಅವರು ಅರ್ಧ ದಿನ ತೆಗೆದುಕೊಳ್ಳುವುದನ್ನು ಸುಮ್ಮನೆ ನೋಡುತ್ತಿರುವುದು ನಮ್ಮಂಥವರಿಗೆ ನಿಜಕ್ಕೂ ಕಷ್ಟ, ಆದರೆ ಬೇರೆ ದಾರಿಯನ್ನು ನಾನು ಕಂಡಿಲ್ಲ.

ಮೂರನೆಯ ಉತ್ತರ

ಸಂಜೆಗಳನ್ನು ನುಂಗುವ ಕಲಿಕೆಯ ಬಗ್ಗೆ ಎರಡು ಮಾತು. ದತ್ತಾಂಶವನ್ನು ಕೋಷ್ಟಕಗಳಲ್ಲಿ ಜೋಡಿಸುವ ರಿಲೇಷನಲ್ ಮಾದರಿಯನ್ನು ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮಂಡಿಸಿದ್ದು 1970ರಲ್ಲಿ, ಆ ದತ್ತಾಂಶವನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ನ ಮೊದಲ ರೂಪ ಬಂದದ್ದು 1974ರಲ್ಲಿ. ಅವುಗಳ ಮೇಲೆ ಇಂದಿಗೂ ನಮ್ಮ ದಿನನಿತ್ಯದ ಕೆಲಸ ನಡೆಯುತ್ತಿದೆ. ಇನ್ನೊಂದು ಕಡೆ, 2010ರಲ್ಲಿ ಬಂದು ಎಲ್ಲರೂ ಕಲಿತೇ ತೀರಬೇಕು ಎನಿಸಿದ್ದ, ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್ ಆಂಗ್ಯುಲರ್‌ಜೆಎಸ್‌ಗೆ 2022ರ ಹೊತ್ತಿಗೆ ಅಧಿಕೃತ ಬೆಂಬಲವೇ ಮುಗಿದಿತ್ತು. ಆದ್ದರಿಂದ ಸ್ವಂತ ಸಮಯ ಕೊಡುವುದಾದರೆ ಡೇಟಾಬೇಸ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂಗಳಿಗೆ ಕೊಡಿ, ಅದೂ ಇಷ್ಟವಿದ್ದರೆ. ಕಂಪನಿಗೆ ಬೇಕಾದ ಫ್ರೇಮ್‌ವರ್ಕನ್ನು ಕಂಪನಿಯ ವೇಳೆಯಲ್ಲೇ ಕಲಿಯಿರಿ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ನಾನೂ ಬಳಸುತ್ತೇನೆ. ಅವು ಬರೆಯುವ ಹೊತ್ತನ್ನು ಉಳಿಸುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಓದಿ ಅರ್ಥಮಾಡಿಕೊಂಡು ಹೊಣೆ ಹೊರುವ ಕೆಲಸ ಅಷ್ಟೇ ಇದೆ, ಕೆಲವೊಮ್ಮೆ ಹೆಚ್ಚೂ ಆಗಿದೆ. ನೌರ್ ಹೇಳುವ ತಿಳಿವಳಿಕೆ ಯಾರ ತಲೆಯಲ್ಲೂ ಬೆಳೆಯದೆ ಕೋಡ್ ಮಾತ್ರ ಬೆಳೆಯುತ್ತ ಹೋದರೆ, ರಾತ್ರಿಯ ಕರೆಯನ್ನು ಯಾರಿಗೆ ಮಾಡಬೇಕು ಎಂಬುದೇ ತಿಳಿಯದ ಸ್ಥಿತಿ ಬಂದೀತು. ಈ ಸಾಧನಗಳಿಂದ ಉಳಿತಾಯವಾದ ಹೊತ್ತು ಯಾರ ಪಾಲಾಗುತ್ತಿದೆ ಎಂಬುದನ್ನೂ ಗಮನಿಸಿ. ನಮ್ಮಲ್ಲಿ ಬಹುಮಟ್ಟಿಗೆ ಅದು ಇನ್ನಷ್ಟು ಕೆಲಸವಾಗಿಯೇ ಮರಳಿ ಬಂದಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಧನ್ಯವಾದಗಳು. ನಮ್ಮ ಒಪ್ಪಂದದಲ್ಲಿರುವುದು ಶೇ. 99.99. ರಾತ್ರಿ ಯಾರೂ ತೆರೆಯದ ವರದಿ ಸೇವೆಗೂ ಅದೇ ಅಂಕಿ ಅನ್ವಯಿಸುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಎತ್ತುತ್ತೇನೆ. ಆದರೆ ಒಂದು ಅಳುಕು ಉಳಿದಿದೆ. ಬಿಲ್ಲಿಂಗ್ ವ್ಯವಸ್ಥೆಯನ್ನು ಇನ್ನೊಬ್ಬರಿಗೆ ಕಲಿಸಿಕೊಟ್ಟರೆ, ನಾಳೆ ಸಿಬ್ಬಂದಿ ಕಡಿತದ ಮಾತು ಬಂದಾಗ ನಾನು ಬೇಡವಾದವನಾಗುವುದಿಲ್ಲವೇ?

ಎರಡನೆಯ ಉತ್ತರ ಬರೆದವರು

ಆ ಅಪಾಯ ಇಲ್ಲವೆಂದು ನಾನು ಹೇಳಲಾರೆ. ಆದರೆ ಕಡಿತದ ಪಟ್ಟಿಗಳನ್ನು ತಯಾರಿಸುವವರಿಗೆ ಯಾವ ವ್ಯವಸ್ಥೆ ಯಾರ ತಲೆಯಲ್ಲಿದೆ ಎಂಬುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಹಾಗಾಗಿ ಒಳಗುಟ್ಟು ಇಟ್ಟುಕೊಂಡವರಿಗೂ ಅದು ರಕ್ಷಣೆಯಾಗಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಅಂಥವರಿಗೆ ರಜೆಯಲ್ಲಿ ಕರೆ ಬರುವುದನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ. ಕಲಿಸುವುದಾದರೆ ಮುಚ್ಚುಮರೆಯಿಲ್ಲದೆ, ವ್ಯವಸ್ಥಾಪಕರ ಗಮನಕ್ಕೆ ತಂದು, ಅದನ್ನು ನಿಮ್ಮ ವಾರ್ಷಿಕ ಗುರಿಗಳಲ್ಲಿ ಬರೆಸಿಕೊಂಡೇ ಕಲಿಸಿ. ಆಗ ಅದು ನಿಮ್ಮ ಕೆಲಸವೆಂದೇ ಲೆಕ್ಕಕ್ಕೆ ಬರುತ್ತದೆ.